ಹಗಲು ಸೌದೆ, ರಾತ್ರಿ ಪಾಠ

ಓದುವ ಮಕ್ಕಳು ಬಿಡುವಿನ ವೇಳೆಯಲ್ಲಿ ನಾಲ್ಕು ಕಾಸು ಸಂಪಾದಿಸುವುದು ಸರಿಯೇ ಎಂಬ ಪ್ರಶ್ನೆ ನಮ್ಮ ಮನೆಗಳಲ್ಲಿ ಆಗಾಗ ಏಳುತ್ತದೆ. ಕೆಲವು ಹೆತ್ತವರಿಗೆ ಅದು ಮರ್ಯಾದೆಯ ವಿಚಾರ. ಕಾಲೇಜಿಗೆ ಹೋಗುವ ಮಗ ಅಂಗಡಿಯಲ್ಲಿ ನಿಂತರೆ ಜನ ಏನೆಂದಾರು ಎಂಬ ಅಳುಕು. ಇನ್ನು ಕೆಲವರಿಗೆ, ಕೈಯಲ್ಲಿ ದುಡ್ಡು ಓಡಾಡತೊಡಗಿದರೆ ಪುಸ್ತಕ ಮೂಲೆ ಸೇರುತ್ತದೆಂಬ ಭಯ. ಈ ಭಯದಲ್ಲಿ ಹುರುಳಿದೆ. ಆದರೆ ಆ ಅಳುಕಿಗೆ ನಮ್ಮ ಇತಿಹಾಸದಲ್ಲಿ ಯಾವ ಆಧಾರವೂ ಇಲ್ಲ.

ಮದೀನಾದಿಂದಲೇ ಆರಂಭಿಸೋಣ. ಅಲ್ಲಿ ಕುರ್‌ಆನ್ ಕಲಿಕೆಗೆ ತಮ್ಮನ್ನು ಅರ್ಪಿಸಿಕೊಂಡಿದ್ದ 70 ಮಂದಿ ಅನ್ಸಾರಿಗಳಿದ್ದರು. ಜನರು ಅವರನ್ನು 'ಕುರ್ರಾ' ಎಂದು ಕರೆಯುತ್ತಿದ್ದರು. ಅವರ ದಿನಚರಿಯನ್ನು ಅನಸ್(ರ) ವಿವರಿಸಿದ್ದಾರೆ. ರಾತ್ರಿ ಅವರು ಕುರ್‌ಆನ್ ಓದುತ್ತಿದ್ದರು, ಕಲಿಯುತ್ತಿದ್ದರು, ನಮಾಝ್ ನಿರ್ವಹಿಸುತ್ತಿದ್ದರು. ಹಗಲು ಮಸೀದಿಗೆ ನೀರು ತಂದಿಡುತ್ತಿದ್ದರು, ಸೌದೆ ಆಯ್ದು ತಂದು ಮಾರುತ್ತಿದ್ದರು. ಬಂದ ಹಣದಲ್ಲಿ ಮಸೀದಿಯ ಜಗಲಿಯಲ್ಲಿ ವಾಸವಿದ್ದ ಬಡ ಸುಫ್ಫಾದವರಿಗೆ ಆಹಾರ ಖರೀದಿಸುತ್ತಿದ್ದರು. ಹಿಜರಿ 4ರಲ್ಲಿ ಬಿಅ್‌ರ್ ಮಊನಾದಲ್ಲಿ ಇವರನ್ನು ವಂಚಿಸಿ ಕೊಲ್ಲಲಾಯಿತು. ಪ್ರವಾದಿಯವರು(ಸ) ಆ ಹಂತಕರ ವಿರುದ್ಧ ಒಂದು ತಿಂಗಳ ಕಾಲ ನಮಾಝ್‌ನಲ್ಲಿ ಪ್ರಾರ್ಥಿಸಿದರು. ಸೌದೆ ಹೊತ್ತ ಆ ವಿದ್ಯಾರ್ಥಿಗಳು ಪ್ರವಾದಿಯವರಿಗೆ ಎಷ್ಟು ಪ್ರಿಯರಾಗಿದ್ದರೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ದುಡಿಮೆ ಮತ್ತು ಕಲಿಕೆಗೆ ಸಮಯ ಹೊಂದಿಸುವ ಬಗೆ ಉಮರ್(ರ)ರವರ ಜೀವನದಲ್ಲಿದೆ. ಅವರು ಮದೀನಾದ ಹೊರವಲಯದಲ್ಲಿ ವಾಸಿಸುತ್ತಿದ್ದರು. ದಿನವೂ ಪ್ರವಾದಿಯವರ ಸನ್ನಿಧಿಗೆ ಬರುವುದು ಸಾಧ್ಯವಿರಲಿಲ್ಲ. ಅದಕ್ಕಾಗಿ ನೆರೆಮನೆಯ ಅನ್ಸಾರಿಯೊಂದಿಗೆ ಸರದಿ ಮಾಡಿಕೊಂಡರು. ಒಂದು ದಿನ ಇವರು ಹೋಗಿ ಕಲಿತು ಬಂದು ಅವರಿಗೆ ತಿಳಿಸುವುದು, ಮರುದಿನ ಅವರು ಹೋಗಿ ಬಂದು ಇವರಿಗೆ ತಿಳಿಸುವುದು. ಇಮಾಮ್ ಬುಖಾರಿ(ರ) ತಮ್ಮ ಗ್ರಂಥದ ಜ್ಞಾನದ ಭಾಗದಲ್ಲಿ ಈ ಸರದಿಯ ಕಲಿಕೆಗೆಂದೇ ಒಂದು ಅಧ್ಯಾಯ ಮೀಸಲಿಟ್ಟಿದ್ದಾರೆ.

ಮುಂದಿನ ತಲೆಮಾರುಗಳಲ್ಲೂ ಈ ಪರಂಪರೆ ಮುಂದುವರಿಯಿತು. ಇಮಾಮ್ ಅಹ್ಮದ್ ಬಿನ್ ಹಂಬಲ್(ರ) ಕ್ರಿ.ಶ. 780ರಲ್ಲಿ ಜನಿಸಿದರು. ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡ ಅವರನ್ನು ಬೆಳೆಸಿದವರು ತಾಯಿ. ಹದೀಸ್ ಕಲಿಯಲು ಯಮನ್‌ಗೆ ಹೊರಟಾಗ ದಾರಿಖರ್ಚು ಮುಗಿಯಿತು. ಅವರು ಒಂಟೆ ನಡೆಸುವವರ ಬಳಿ ಕೂಲಿಗೆ ಸೇರಿ ಸನ್‌ಆ ತಲುಪಿದರು. ಸಂಗಡಿಗರು ನೀಡಲು ಬಂದ ಹಣವನ್ನು ಮುಟ್ಟಲಿಲ್ಲ. ಮಕ್ಕಾದಲ್ಲಿ ಓದುತ್ತಿದ್ದಾಗ ಅವರ ಬಟ್ಟೆಗಳು ಕಳುವಾದವು. ಗೆಳೆಯರೊಬ್ಬರು ದಾನವಾಗಿಯೋ ಸಾಲವಾಗಿಯೋ ಹಣ ಕೊಡಲು ಮುಂದಾದರು. ಅವರು ಎರಡನ್ನೂ ಒಪ್ಪದೆ, ಒಂದು ದೀನಾರ್ ಕೂಲಿಗೆ ಪುಸ್ತಕ ನಕಲು ಮಾಡಿಕೊಟ್ಟು ಬಟ್ಟೆ ಕೊಂಡರೆಂದು ಚರಿತ್ರಕಾರರು ಬರೆದಿದ್ದಾರೆ. ಹೀಗೆ ಕಲಿತವರೇ ಮುಂದೆ 27,000ಕ್ಕೂ ಹೆಚ್ಚು ಹದೀಸ್‌ಗಳ 'ಮುಸ್ನದ್' ಅನ್ನು ಸಮುದಾಯಕ್ಕೆ ನೀಡಿದರು.

ಆದರೆ ದುಡಿಮೆಯೇ ಓದನ್ನು ನುಂಗತೊಡಗಿದರೆ? ಇದಕ್ಕೆ ಕೂಫಾದಲ್ಲಿ ಉತ್ತರವಿದೆ. ಅಬೂ ಯೂಸುಫ್ ಎಂಬ ಬಡ ವಿದ್ಯಾರ್ಥಿ ಇಮಾಮ್ ಅಬೂ ಹನೀಫಾ(ರ)ರವರ ಪಾಠಕ್ಕೆ ಬರುತ್ತಿದ್ದರು. ಮನೆಯಲ್ಲಿ ಊಟಕ್ಕೆ ತತ್ವಾರವಾದಾಗ ಪಾಠ ಬಿಟ್ಟು ದುಡಿಮೆಗೆ ಇಳಿದರು. ಅವರು ಕಾಣಿಸದಿದ್ದುದನ್ನು ಗುರುಗಳು ಗಮನಿಸಿದರು. ಕರೆಸಿ ಕಾರಣ ಕೇಳಿ, ಎಲ್ಲರೂ ಎದ್ದುಹೋದ ಮೇಲೆ 100 ದಿರ್ಹಮ್‌ಗಳ ಚೀಲವೊಂದನ್ನು ಕೈಗಿತ್ತರು. ಮುಗಿದಾಗ ತಿಳಿಸು ಎಂದರು. ಶಿಷ್ಯ ಬಾಯಿಬಿಟ್ಟು ಕೇಳುವ ಸಂದರ್ಭವೇ ಬರಲಿಲ್ಲ, ಮುಗಿಯುವ ಮೊದಲೇ ಮತ್ತೆ ಹಣ ಸಿಗುತ್ತಿತ್ತು. ಅಬೂ ಹನೀಫಾ(ರ) ಬಟ್ಟೆ ವ್ಯಾಪಾರಿಯಾಗಿದ್ದರು. ಆ ವ್ಯಾಪಾರದ ಲಾಭವೇ ಶಿಷ್ಯನ ಓದನ್ನು ಉಳಿಸಿತು. ಅಬೂ ಯೂಸುಫ್(ರ) ಮುಂದೆ ಖಲೀಫಾ ಹಾರೂನ್ ರಶೀದ್‌ರ ಕಾಲದಲ್ಲಿ ಮುಖ್ಯ ನ್ಯಾಯಾಧೀಶರಾದರು. ತೆರಿಗೆಯಲ್ಲಿ ನ್ಯಾಯ ಹೇಗಿರಬೇಕೆಂದು ಖಲೀಫರಿಗೇ 'ಕಿತಾಬುಲ್ ಖರಾಜ್' ಬರೆದುಕೊಟ್ಟರು.

ಇಂದು ನಮ್ಮ ಮಕ್ಕಳು ರಜಾದಿನಗಳಲ್ಲಿ ಮದುವೆ ಮನೆಗಳಲ್ಲಿ ಬಡಿಸಲು ಹೋಗುತ್ತಾರೆ, ಮೊಬೈಲ್ ರಿಪೇರಿ ಮಾಡುತ್ತಾರೆ, ಚಿಕ್ಕ ಮಕ್ಕಳಿಗೆ ಟ್ಯೂಷನ್ ಹೇಳುತ್ತಾರೆ, ಮೆಹಂದಿ ಹಾಕುತ್ತಾರೆ, ಬಟ್ಟೆ ಹೊಲಿಯುತ್ತಾರೆ. ಇವೆಲ್ಲ ಹಲಾಲ್ ದುಡಿಮೆ. ಅದನ್ನು ಕೀಳಾಗಿ ಕಾಣುವವರು ಮದೀನಾದ ಆ ಸೌದೆಯ ಹೊರೆಗಳನ್ನು ನೆನೆಯಲಿ. ಮಕ್ಕಳೂ ಒಂದು ವಿಷಯ ತಿಳಿದಿರಲಿ. ಕುರ್ರಾಗಳು ಹಗಲು ಎಷ್ಟೇ ದುಡಿದರೂ ರಾತ್ರಿಯ ಪಾಠ ತಪ್ಪಿಸಲಿಲ್ಲ, ಸಂಪಾದನೆಯನ್ನು ತಮಗಷ್ಟೇ ಇಟ್ಟುಕೊಳ್ಳಲೂ ಇಲ್ಲ. ತಂಗಿಯ ಶಾಲಾ ಶುಲ್ಕಕ್ಕೋ ತಾಯಿಯ ಔಷಧಿಗೋ ಅದರಲ್ಲೊಂದು ಪಾಲಿದ್ದರೆ ಆ ದುಡ್ಡಿನ ಬರ್ಕತ್ತೇ ಬೇರೆ.

ಇನ್ನುಳಿದದ್ದು ಹಿರಿಯರ ಮತ್ತು ಜಮಾಅತ್‌ಗಳ ಹೊಣೆ. ದುಡಿಯಲು ಹೋದ ಹುಡುಗ ಮರಳಿ ತರಗತಿಗೆ ಬಾರದೇ ಹೋದ ಉದಾಹರಣೆಗಳು ಪ್ರತಿ ಮೊಹಲ್ಲಾದಲ್ಲೂ ಇವೆ. ನಾವು ಅವನ ಜವಾಬ್ದಾರಿಯನ್ನು ಹೊಗಳಿ ಸುಮ್ಮನಾಗುತ್ತೇವೆ. ಅಬೂ ಹನೀಫಾ(ರ) ಹಾಗೆ ಸುಮ್ಮನಾಗಿದ್ದರೆ ಅಬೂ ಯೂಸುಫ್ ಕೂಫಾದ ಕೂಲಿಯಾಳಾಗಿಯೇ ಉಳಿಯುತ್ತಿದ್ದರು. ಈ ಶುಕ್ರವಾರ ಜುಮಾ ಮುಗಿಸಿ ಹೊರಬರುವಾಗ, ನಮ್ಮ ಬೀದಿಯಲ್ಲಿ ಓದು ನಿಲ್ಲಿಸಿದ ಹುಡುಗ ಯಾರು, ಹುಡುಗಿ ಯಾರು ಎಂದು ಒಮ್ಮೆ ವಿಚಾರಿಸೋಣ.