ಗಾಡಿಗೆ ತಂಪೋ, ಬೆನ್ನಿಗೆ ತಂಪೋ?

ಚೆನ್ನೈ ಬಿಸಿಲು ಎಷ್ಟು ಡಿಗ್ರಿ ಎಂಬ ಸುದ್ದಿ ಬಂದಾಗಲೆಲ್ಲ ಅದರಲ್ಲಿ ನಾನಿರುವ ನುಂಗಂಬಾಕ್ಕಂ ಹೆಸರಿರುತ್ತದೆ. 1792ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವೀಕ್ಷಣಾಲಯ ಎದ್ದದ್ದು ಇಲ್ಲೇ. ಇವತ್ತಿನ ಹವಾಮಾನ ಕೇಂದ್ರವೂ ಇಲ್ಲೇ ಇದೆ. 2003ರ ಮೇ 31ರಂದು ಅಲ್ಲಿ ದಾಖಲಾದದ್ದು 45 ಡಿಗ್ರಿ. ಇಂಥ ಊರಲ್ಲಿ ಕಾರಿನ ಏಸಿ ಶೋಕಿಯಲ್ಲ.

ಏಸಿ ಎಂದರೂ ಹೀಟ್ ಪಂಪ್ ಎಂದರೂ ಮೂಲದಲ್ಲಿ ಒಂದೇ ಯಂತ್ರ. ಬಾವಿಯಿಂದ ನೀರೆತ್ತುವ ಹಾಗೆ ಒಳಗಿನ ಶಾಖವನ್ನು ಎತ್ತಿ ಹೊರಗೆ ಸುರಿಯುತ್ತದೆ. ತಿರುಗಿಸಿ ಓಡಿಸಿದರೆ ಹೊರಗಿನದನ್ನು ಒಳಗೆ ತರುತ್ತದೆ. 1940ರ ಮಾದರಿಯ ಪ್ಯಾಕರ್ಡ್ ಕಾರಿನಲ್ಲಿ ಅದು ಡಿಕ್ಕಿಯ ಅರ್ಧ ಜಾಗ ನುಂಗಿತ್ತು. ಪೂರ್ತಿ ನಿಲ್ಲಿಸಬೇಕೆಂದರೆ ಬಾನೆಟ್ ಎತ್ತಿ ಕಂಪ್ರೆಸರಿನ ಬೆಲ್ಟ್ ಕಳಚಬೇಕಿತ್ತು! 1954ರಲ್ಲಿ ನ್ಯಾಶ್ ಕಂಪನಿ ಎಲ್ಲವನ್ನೂ ಕಾರಿನ ಮುಂಭಾಗದಲ್ಲೇ ಅಡಕಿತು. ಅದರ ಹಸಿವಿನ ಬಗ್ಗೆ ಆಗ ಯಾರೂ ಅಷ್ಟಾಗಿ ತಲೆಕೆಡಿಸಿಕೊಳ್ಳಲಿಲ್ಲ. ದೊಡ್ಡ ಎಂಜಿನ್ ಇತ್ತಲ್ಲ.

ಲೆಕ್ಕ ಕೇಳಿದ್ದು ಬ್ಯಾಟರಿ. ನಮ್ಮ ಬೆಂಗಳೂರಿನ ರೇವಾ 2001ರಲ್ಲಿ ರಸ್ತೆಗಿಳಿದಾಗ ಅದರಲ್ಲಿದ್ದದ್ದು ಎಂಟು ಲೆಡ್-ಆಸಿಡ್ ಬ್ಯಾಟರಿ, ಒಟ್ಟು 9.6 ಯೂನಿಟ್ ವಿದ್ಯುತ್. ಅಷ್ಟರಲ್ಲಿ ಸುಮಾರು 80 ಕಿ.ಮೀ. ಓಡಬೇಕು. ಒಂದು ಕಿಲೋವ್ಯಾಟ್ ಎಳೆಯುವ ಏಸಿ ಒಂದು ಗಂಟೆ ನಡೆಯಿತೆಂದರೆ ಎಂಟು ಕಿ.ಮೀ. ಖೋತಾ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ರೇವಾದ ಹಿಂದೆ ಮೈನಿ ಸಮೂಹದ ಜೊತೆ ಕ್ಯಾಲಿಫೋರ್ನಿಯಾದ ಅಮೆರಿಗಾನ್ ಕಂಪನಿಯೂ ಇತ್ತು. ಚೇತನ್ ಮೈನಿ ಮೊದಲು ಅಲ್ಲಿ ಕೆಲಸ ಮಾಡಿದವರು. ಈ ಚರಿತ್ರೆಯಲ್ಲಿ ನನಗೆ ಹೆಚ್ಚು ಇಷ್ಟವಾದ ಕೊಂಡಿ ಇದೇ. ಯಾಕೆಂದರೆ ಸೀಟಿನೊಳಗೇ ಅಡಗುವ ಪುಟ್ಟ ಹೀಟ್ ಪಂಪನ್ನು ಮಾಡಿದ್ದೂ ಅದೇ ಅಮೆರಿಗಾನ್. ಅದರಲ್ಲಿ ಕಂಪ್ರೆಸರ್ ಇಲ್ಲ, ಗ್ಯಾಸ್ ಇಲ್ಲ. ಎರಡು ಬೇರೆ ಬೇರೆ ವಾಹಕಗಳು ಕೂಡುವಲ್ಲಿ ಕರೆಂಟು ಹರಿದರೆ ಆ ಸಂದು ತಣ್ಣಗಾಗುತ್ತದೆ, ದಿಕ್ಕು ಬದಲಿಸಿದರೆ ಬಿಸಿಯಾಗುತ್ತದೆ. 1834ರಲ್ಲಿ ಫ್ರಾನ್ಸಿನ ಪೆಲ್ಟಿಯೆ ಕಂಡುಕೊಂಡ ಗುಣವಿದು. ಅಂಗೈಗಿಂತ ಚಿಕ್ಕದಾದ ಬಿಲ್ಲೆ, ಒಂದು ಫ್ಯಾನು, ಅಷ್ಟೆ. 2000ದ ಮಾದರಿಯ ಲಿಂಕನ್ ನ್ಯಾವಿಗೇಟರಿನಲ್ಲಿ ಅದು ಬಂತು. ಮಿತವ್ಯಯದ ಉಪಾಯ ಹೋಗಿ ಸೇರಿದ್ದು ಪೆಟ್ರೋಲ್ ಕುಡಿಯುವ ಆನೆಗಾತ್ರದ ಗಾಡಿಗೆ! ದಕ್ಷತೆಯಲ್ಲಿ ಈ ಬಿಲ್ಲೆ ಕಂಪ್ರೆಸರಿಗೆ ಸಾಟಿಯಲ್ಲ. ಆದರೆ ಅದು ತಂಪು ಮಾಡುವುದು ಕೂತವರ ಬೆನ್ನನ್ನು. ಗಾಜನ್ನು, ಡ್ಯಾಶ್‌ಬೋರ್ಡನ್ನು, ಖಾಲಿ ಹಿಂದಿನ ಸೀಟನ್ನಲ್ಲ.

ಮುಂದೆ ಹೆದ್ದಾರಿ ಬೇರೆ ಕಡೆ ಹೊರಳಿತು. 2003ರ ಪ್ರಿಯಸ್ ಕಾರಿನಲ್ಲಿ ಬೆಲ್ಟಿನ ಹಂಗಿಲ್ಲದ ಎಲೆಕ್ಟ್ರಿಕ್ ಕಂಪ್ರೆಸರ್ ಬಂತು, ಆಮೇಲೆ ನಿಸಾನ್ ಲೀಫ್‌ಗೆ, ಟೆಸ್ಲಾಗೆ ಹೀಟ್ ಪಂಪ್. ಅವೆಲ್ಲ ಮುಖ್ಯವಾಗಿ ಚಳಿನಾಡಿನ ಚಿಂತೆಗಳು. ನುಂಗಂಬಾಕ್ಕಂನಲ್ಲಿ ಡಿಸೆಂಬರಿನಲ್ಲೂ ನಮ್ಮ ಮನೆಯ ಫ್ಯಾನು ತಿರುಗುತ್ತದೆ.

ನಮ್ಮ ಬೀದಿಯಲ್ಲಿ ಬಾಡಿಗೆಗೆ ಕಾಯುವ ಎಲೆಕ್ಟ್ರಿಕ್ ಟ್ಯಾಕ್ಸಿಯವರು ಮೇ ತಿಂಗಳ ಮಧ್ಯಾಹ್ನ ಏಸಿ ಆರಿಸಿ, ನಾಲ್ಕೂ ಬಾಗಿಲು ತೆರೆದಿಟ್ಟು ಕೂತಿರುತ್ತಾರೆ. ಚಾರ್ಜ್ ಉಳಿದರೆ ಇನ್ನೊಂದು ಟ್ರಿಪ್. ಅವರೊಬ್ಬರ ಬೆನ್ನಿಗೆ ಇಡೀ ಕ್ಯಾಬಿನ್ ತಂಪು ಮಾಡಲು ಲೆಕ್ಕ ಒಪ್ಪುವುದಿಲ್ಲ. ಗಾಳಿಯಾಡುವ ಸೀಟು ನಮ್ಮ ಆಫೀಸಿನ ಪಾರ್ಕಿಂಗಿನಲ್ಲಿ ನಿಲ್ಲುವ ದುಬಾರಿ ಕಾರುಗಳಲ್ಲಿದೆ. ನಾನು ಹತ್ತಿದ ಯಾವ ಟ್ಯಾಕ್ಸಿಯಲ್ಲೂ ಕಂಡಿಲ್ಲ.