ಸಹಿವಾರು ನೋಟು ಸಂಗ್ರಹ

ಕಾಗದದ ಹಣವನ್ನು ಅದರ ಮೇಲೆ ಮುದ್ರಿತವಾದ ಅಧಿಕಾರಿಯ ಸಹಿಯನ್ನನುಸರಿಸಿ ವಿಂಗಡಿಸಿ, ಒಬ್ಬೊಬ್ಬ ಸಹಿದಾರನ ನೋಟನ್ನು ಕಾಲಕ್ರಮದಲ್ಲಿ ಕೂಡಿಸಿ, ಸರಣಿಯನ್ನು ಪೂರ್ತಿಗೊಳಿಸುವ ಹವ್ಯಾಸಕ್ಕೆ ಈ ಹೆಸರು ಸಲ್ಲುತ್ತದೆ. ಕೆನಡಾ ದೇಶದಲ್ಲಿ ಹಿಮದ ಹಾಕಿಯ ಆಟಗಾರರ ಹಳೆಯ ಚಿತ್ರಚೀಟಿಗಳನ್ನು ಕಲೆಹಾಕಿ, ಒಂದೊಂದರ ಮೇಲೂ ಆಯಾ ಆಟಗಾರನ ಕೈಯಿಂದಲೇ ರುಜು ಪಡೆದು ಕಟ್ಟನ್ನು ತುಂಬಿಸಲು ಹಂಬಲಿಸುವವರಿಗೂ ನಮ್ಮ ನೋಟು ಸಂಗ್ರಾಹಕರಿಗೂ ಸ್ವಭಾವದಲ್ಲಿ ಹತ್ತಿರದ ನಂಟುಂಟು. ಅಲ್ಲಿಯ ರುಜು ಹಸ್ತದ್ದು, ಇಲ್ಲಿಯದು ಅಚ್ಚಿನದು; ಆದರೆ ಖಾಲಿ ಉಳಿದ ಮನೆಯ ಸಂಕಟ ಇಬ್ಬರಿಗೂ ಒಂದೇ. ಪಾರ್ಕ್‌ಹರ್ಸ್ಟ್ ಸಂಸ್ಥೆಯು 1951-52ರಲ್ಲಿ ಹೊರತಂದ 105 ಚೀಟಿಗಳ ಕಟ್ಟಿನಲ್ಲಿ ಬಿಲ್ ಬರಿಲ್ಕೋ ಎಂಬ ಟೊರಾಂಟೊದ ಆಟಗಾರನದೂ ಒಂದು. 1951ರ ಏಪ್ರಿಲಿನಲ್ಲಿ ತನ್ನ ತಂಡಕ್ಕೆ ಸ್ಟ್ಯಾನ್ಲಿ ಕಪ್ಪನ್ನು ಗೆದ್ದುಕೊಟ್ಟ ಗೋಲನ್ನು ಹೊಡೆದ ಆತನು ಅದೇ ಆಗಸ್ಟಿನಲ್ಲಿ ಪುಟ್ಟ ವಿಮಾನವೊಂದರಲ್ಲಿ ಹೊರಟು ಕಾಣೆಯಾದನು. ಚೀಟಿ ಅಚ್ಚಾಗಿ ಅಂಗಡಿಗೆ ಬಂದುದು ಆ ತರುವಾಯ. ಆದುದರಿಂದ ಅದರ ಮೇಲೆ ಅವನ ರುಜು ಇರುವುದು ಸಾಧ್ಯವೇ ಇಲ್ಲ. ದೊರೆಯದುದಕ್ಕೂ ಎಂದೂ ಇಲ್ಲದುದಕ್ಕೂ ಇರುವ ಈ ಅಂತರವನ್ನು ಅರಿತವನೇ ನಿಜವಾದ ಸಂಗ್ರಾಹಕನು.

ಉತ್ತರ ಕನ್ನಡದ ಕರಾವಳಿಗೂ ಕಾಗದದ ಹಣಕ್ಕೂ ಇರುವ ಸಂಬಂಧ ಆರಂಭದಿಂದಲೇ ಕುತೂಹಲಕರವಾದುದು. ಸರಕಾರವೇ ನೋಟು ಹೊರಡಿಸುವ ಶಾಸನ 1861ರಲ್ಲಿ ಬಂದಿತು; ಮರುವರ್ಷವೇ ಈ ಸೀಮೆಯು ಮದರಾಸು ಆಧಿಪತ್ಯದಿಂದ ಮುಂಬಯಿಗೆ ಸೇರಿತು. ಆಗಿನ ನೋಟುಗಳು ತಮ್ಮ ತಮ್ಮ ವಲಯದೊಳಗೆ ಮಾತ್ರ ನ್ಯಾಯಬದ್ಧವಾಗಿ ಸಲ್ಲುತ್ತಿದ್ದುದರಿಂದ, ಧಾರವಾಡದ ಹತ್ತಿ ಘಟ್ಟವಿಳಿದು ಕುಮಟೆಯ ಬಂದರಿನಿಂದ ಹಡಗೇರಿ ಮುಂಬಯಿಗೆ ಸಾಗುತ್ತಿದ್ದ ಆ ಕಾಲದ ವರ್ತಕನಿಗೆ ನೋಟು ಯಾವ ವಲಯದ್ದೆಂಬುದು ಸಣ್ಣ ಮಾತಾಗಿರಲಿಲ್ಲ.

ಮುಂದೆ ನೋಟು ಹೊರಡಿಸುವ ಹೊಣೆ ಹೊತ್ತ ರಿಜರ್ವ್ ಬ್ಯಾಂಕು 1935ರ ಏಪ್ರಿಲ್ 1ರಂದು ಸ್ಥಾಪಿತವಾಯಿತು. ಮೊದಲ ಗವರ್ನರ್ ಸರ್ ಆಸ್ಬೋರ್ನ್ ಸ್ಮಿತ್ 1937ರಲ್ಲಿ ನಿರ್ಗಮಿಸಿದರು. ಬ್ಯಾಂಕಿನ ಮೊದಲ ನೋಟಾದ ಐದು ರೂಪಾಯಿ ಹೊರಬಿದ್ದುದು 1938ರ ಜನವರಿಯಲ್ಲಿ. ಹೀಗೆ ಮೊದಲನೆಯ ಗವರ್ನರರ ಸಹಿಯುಳ್ಳ ನೋಟೇ ಇಲ್ಲ, ಸರಣಿ ಎರಡನೆಯವರಾದ ಜೇಮ್ಸ್ ಟೇಲರರಿಂದ ಮೊದಲಾಗುತ್ತದೆ. ಅವರ ತರುವಾಯ 1943ರಲ್ಲಿ ಬಂದ ಚಿಂತಾಮಣಿ ದೇಶಮುಖರು ಆ ಪೀಠವೇರಿದ ಮೊದಲ ಭಾರತೀಯರು.

ಮುಂದಿನ ಹೆಸರು ಕರಾವಳಿಯವರಿಗೆ ಆಪ್ತವಾದುದು. 1949ರಿಂದ 1957ರ ಜನವರಿಯವರೆಗೆ, ಇನ್ನಾರೂ ಇರದಷ್ಟು ದೀರ್ಘಕಾಲ, ಗವರ್ನರರಾಗಿದ್ದ ಬೆನಗಲ್ ರಾಮರಾಯರು ಚಿತ್ರಾಪುರ ಸಾರಸ್ವತರು. ಆ ಸಮಾಜದ ಗುರುಪೀಠವಾದ ಚಿತ್ರಾಪುರ ಮಠವಿರುವುದು ಭಟ್ಕಳ ತಾಲೂಕಿನ ಶಿರಾಲಿಯಲ್ಲಿ. ಸಂವಿಧಾನ ರಚನೆಗೆ ಸಲಹೆಗಾರರಾಗಿದ್ದ ಬಿ. ಎನ್. ರಾಯರು ಇವರ ಸೋದರರು. ದೊರೆಯ ಮುಖ ಮರೆಯಾಗಿ ಅಶೋಕಸ್ತಂಭದ ಸಿಂಹಗಳು ಬಂದ ನೋಟುಗಳು, ಹಿಂದಿಯಲ್ಲಿ ‘ರುಪಯಾ’ ಎಂಬುದರ ಬಹುವಚನ ಹೇಗೆಂಬ ಚರ್ಚೆ ‘ರುಪಯೇ’ ಎಂದು ಇತ್ಯರ್ಥವಾದುದು, 1954ರಲ್ಲಿ ಸಾವಿರ, ಐದು ಸಾವಿರ, ಹತ್ತು ಸಾವಿರದ ನೋಟುಗಳು ಮರಳಿ ಬಂದುದು, ಇವೆಲ್ಲ ಅವರ ಕಾಲದ ಸಂಗತಿಗಳು. ಒಬ್ಬರದೇ ಸಹಿಯ ನೋಟುಗಳನ್ನು ಬಿಡದೆ ಕೂಡಿಸಬೇಕೆಂದು ಕೇಳಿದವರಿಗೆ ನಾನು ರಾಮರಾಯರ ಹೆಸರನ್ನೇ ಹೇಳುತ್ತೇನೆ. ಹೊಸ ರಾಷ್ಟ್ರವು ತನ್ನ ಹಣದ ರೂಪವನ್ನು ಹುಡುಕಿಕೊಂಡ ಚರಿತ್ರೆ ಆ ಒಂದು ಸಹಿಯ ಮೇಲ್ಗಡೆಯೇ ಓದಸಿಕ್ಕುತ್ತದೆ.

ಅಲ್ಪಾವಧಿಯ ಗವರ್ನರರೇ ಈ ಹವ್ಯಾಸದ ಪರೀಕ್ಷೆ. ರಾಮರಾಯರ ಹಿಂದೆಯೇ ಬಂದು ಒಂದೂವರೆ ತಿಂಗಳಿದ್ದ ಕೆ. ಜಿ. ಅಂಬೇಗಾಂವಕರರ ಸಹಿ ಬ್ಯಾಂಕಿನ ಯಾವ ನೋಟಿನಲ್ಲಿಯೂ ಇಲ್ಲ. 1970ರಲ್ಲಿ 42 ದಿನ ಮಾತ್ರ ಇದ್ದ ಬಿ. ಎನ್. ಆಡಾರಕರರದಾದರೋ ಗಾಂಧಿ ಜನ್ಮಶತಾಬ್ದಿಯ ಎರಡು, ಐದು, ಹತ್ತು ಮತ್ತು ನೂರು ರೂಪಾಯಿಗಳ ಮೇಲಿದೆ. ಅದೇ ಮಾಲೆಯು 1969ರ ಅಕ್ಟೋಬರ್ 2ರಂದು ಮೊದಲು ಹೊರಟಾಗ ಎಲ್. ಕೆ. ಝಾ ಅವರ ಸಹಿಯಿದ್ದಿತು. 1975ರಲ್ಲಿ ಮೂರು ತಿಂಗಳಿದ್ದ ಎನ್. ಸಿ. ಸೇನಗುಪ್ತರದು ತಂಜಾವೂರು ದೇಗುಲದ ಚಿತ್ರವುಳ್ಳ ಸಾವಿರದ ನೋಟೊಂದರಲ್ಲಿಯೇ ಉಂಟು, ಆ ನೋಟು 1978ರ ಜನವರಿಯಲ್ಲಿ ರದ್ದಾಯಿತು.

ಒಂದು ರೂಪಾಯಿಯ ನೋಟಿನ ದಾರಿಯೇ ಬೇರೆ. ಅದು ಬ್ಯಾಂಕಿನದಲ್ಲ, ಭಾರತ ಸರಕಾರದ್ದು. ಸಹಿ ಹಣಕಾಸು ಕಾರ್ಯದರ್ಶಿಯದು. ಗವರ್ನರರಾಗಿ ಎಲ್ಲಿಯೂ ಕಾಣದ ಅಂಬೇಗಾಂವಕರರು ಅಲ್ಲಿ ಕಾರ್ಯದರ್ಶಿಯಾಗಿ ದೊರೆಯುತ್ತಾರೆ. ಮನಮೋಹನ ಸಿಂಗರಂತೂ ಒಂದು ರೂಪಾಯಿಯಲ್ಲಿ ಕಾರ್ಯದರ್ಶಿ, ಉಳಿದ ನೋಟುಗಳಲ್ಲಿ ಗವರ್ನರ್. 1994ರಲ್ಲಿ ನಿಂತುಹೋದ ಈ ನೋಟಿನ ಮುದ್ರಣವು 2015ರ ಮಾರ್ಚಿನಲ್ಲಿ ರಾಜೀವ ಮಹರ್ಷಿಯವರ ಸಹಿಯೊಡನೆ ಮತ್ತೆ ಮೊದಲಾಯಿತು. ಅಗ್ಗವಾಗಿಯೂ ಸರಣಿಯಾಗಿಯೂ ಇರುವುದರಿಂದ ಶಾಲೆಯ ಹುಡುಗರು ಇಲ್ಲಿಂದಲೇ ಆರಂಭಿಸುವುದು ಲೇಸು.

ಕರಾವಳಿಯಲ್ಲಿ ಕೂಡಿಸುವುದಕ್ಕಿಂತ ಕಾಪಾಡುವುದು ಕಷ್ಟ. ಆಷಾಢ ಶ್ರಾವಣಗಳ ತೇವಕ್ಕೆ ಕಾಗದವು ಮೆತ್ತಗಾಗಿ ಬೂಷ್ಟು ಹಿಡಿಯುತ್ತದೆ. ಕೀಳುತರದ ಪ್ಲಾಸ್ಟಿಕ್ ಹಾಳೆಗಳು ಅಚ್ಚಿಗೆ ಅಂಟಿಕೊಳ್ಳುತ್ತವೆ. ಗೆದ್ದಲಿನ ಮಾತು ಹೇಳಬೇಕಾಗಿಲ್ಲ. ಮಳೆ ಹಿಂದಾದ ಮೇಲೆ ಆಲ್ಬಮ್ಮನ್ನು ಬಿಸಿಲಿಗಲ್ಲ, ನೆರಳಿನ ಗಾಳಿಗೆ ಒಡ್ಡಬೇಕು. ನೋಟಿನ ಎಡಬದಿಯ ಪಿನ್ನಿನ ತೂತುಗಳಿಗೆ ಮಾತ್ರ ಮರುಗಬೇಕಾಗಿಲ್ಲ. ಕಟ್ಟುಗಳಿಗೆ ಪಿನ್ನು ಹೊಡೆಯುವುದನ್ನು ರಿಜರ್ವ್ ಬ್ಯಾಂಕು ನಿಲ್ಲಿಸಹೇಳಿದುದು 2001ರಲ್ಲಿ.

ಭಟ್ಕಳದ ನವಾಯತ ವರ್ತಕರ ಬದುಕು ಅರಬ್ಬೀ ಸಮುದ್ರದ ಆಚೆಯ ದಡದೊಡನೆ ಹೆಣೆದುಕೊಂಡುದರಿಂದ, ಇಲ್ಲಿಯ ಸಂಗ್ರಾಹಕನು ಮರೆಯಲಾಗದ ಶಾಖೆಯೊಂದಿದೆ. ಕೊಲ್ಲಿಯ ನಾಡುಗಳಲ್ಲಿ ಭಾರತದ ರೂಪಾಯಿಯೇ ಚಲಾವಣೆಯಲ್ಲಿದ್ದು, ಚಿನ್ನದ ಕಳ್ಳಸಾಗಣೆಯ ಮೂಲಕ ದೇಶದ ವಿದೇಶೀ ವಿನಿಮಯ ಸೋರಿಹೋಗುತ್ತಿದ್ದುದನ್ನು ತಡೆಯಲು, 1959ರಲ್ಲಿ ಆ ನಾಡುಗಳಿಗೆಂದೇ ಬೇರೆ ಬಣ್ಣದ, ‘ಝಡ್’ ಅಕ್ಷರದ ನೋಟುಗಳನ್ನು ಅಚ್ಚುಹಾಕಲಾಯಿತು. ಹಜ್ ಯಾತ್ರಿಕರಿಗೆ ‘ಎಚ್‌ಎ’ ಅಕ್ಷರದ ಹತ್ತು ಮತ್ತು ನೂರರ ನೋಟುಗಳು ಪ್ರತ್ಯೇಕವಾಗಿದ್ದುವು. ಕುವೈತು 1961ರಲ್ಲಿ, ಬಹರೇನು 1965ರಲ್ಲಿ ಸ್ವಂತ ನಾಣ್ಯಕ್ಕೆ ತಿರುಗಿದುವು. 1966ರ ಜೂನಿನಲ್ಲಿ ರೂಪಾಯಿಯ ಬೆಲೆ ಇಳಿಸಿದಾಗ ಉಳಿದ ನಾಡುಗಳಲ್ಲಿ ಹೆಚ್ಚಿನವೂ ಈ ರೂಪಾಯಿಯನ್ನು ಬಿಟ್ಟುವು. ಈ ನೋಟುಗಳು ಭಾರತದೊಳಗೆ ಸಲ್ಲುತ್ತಿರಲಿಲ್ಲ. ಬಣ್ಣ ಬೇರೆ, ಅಕ್ಷರ ಬೇರೆ. ಆದರೆ ಕೊಲ್ಲಿಯ ಹತ್ತು ರೂಪಾಯಿಯನ್ನು 1959ರ ಊರಿನ ಹತ್ತು ರೂಪಾಯಿಯ ಮಗ್ಗುಲಲ್ಲಿರಿಸಿ ನೋಡಿದರೆ, ಎರಡರ ಮೇಲೆಯೂ ಇರುವುದು ಆಗಿನ ಗವರ್ನರ್ ಎಚ್. ವಿ. ಆರ್. ಅಯ್ಯಂಗಾರರ ಸಹಿಯೇ.