ಚಿನ್ನದ ಗಣಿಯಲ್ಲಿ ಪಣ ಕಟ್ಟಿದವರು

1930ರ ಏಪ್ರಿಲ್‌ನಲ್ಲಿ ಕೋಲಾರದ ಚಿನ್ನದ ಗಣಿಗಳ ಕೂಲಿಕಾರರು ಶಾಫ್ಟಿಗೆ ಇಳಿಯಲು ಒಪ್ಪಲಿಲ್ಲ. ಸುಮಾರು ಮೂರು ವಾರ ಸಾವಿರಾರು ಮಂದಿ ಕೆಲಸ ಬಿಟ್ಟು ಕೂತರು. ಆಗ ಅಲ್ಲಿ ಹೇಳಿಕೊಳ್ಳುವಂಥ ಕಾರ್ಮಿಕ ಸಂಘವೂ ಇರಲಿಲ್ಲ. ಅವರನ್ನು ಕೆರಳಿಸಿದ್ದು ಕೂಲಿಯ ದರವಲ್ಲ, ಬೆರಳಚ್ಚು. ಪ್ರತಿ ಕೂಲಿಯ ಬೆರಳಚ್ಚು ಪಡೆದು ನೋಂದಾಯಿಸುವ ವ್ಯವಸ್ಥೆಯನ್ನು ಕಂಪನಿಗಳು ತಂದಿದ್ದವು. ಒಂದು ಗಣಿಯಲ್ಲಿ ಹೊರಹಾಕಿಸಿಕೊಂಡವನು ಹೆಸರು ಬದಲಿಸಿ ಇನ್ನೊಂದು ಗಣಿಗೆ ಸೇರದಂತೆ ತಡೆಯುವುದು ಅದರ ಗುರಿ. ಬೆರಳಚ್ಚನ್ನು ಸರ್ಕಾರ ಯಾರಿಂದ ಪಡೆಯುತ್ತದೆ ಎಂಬುದು ಕೂಲಿಕಾರರಿಗೆ ತಿಳಿಯದ್ದೇನಲ್ಲ. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಕಚೇರಿ ತೆರೆದದ್ದು ಅಪರಾಧಿಗಳನ್ನು ಗುರುತಿಸಲು. ಇಡೀ ಸಮುದಾಯಗಳನ್ನೇ ಹುಟ್ಟಿನಿಂದ ಅಪರಾಧಿಗಳೆಂದು ಪಟ್ಟಿ ಮಾಡಿದ 1871ರ ಕಾನೂನು ಅದಕ್ಕೂ ಮೊದಲೇ ದೇಶದಲ್ಲಿ ಜಾರಿಯಲ್ಲಿತ್ತು. ಬೆರಳು ಒತ್ತು ಎಂದರೆ ನೀನು ಕಳ್ಳನ ಸಾಲಿನವನು ಎಂದಂತೆ. ಗಣಿಯ ಕೂಲಿಕಾರರು ಅದನ್ನು ಹಾಗೆಯೇ ಕೇಳಿಸಿಕೊಂಡರು, ಸರಿಯಾಗಿಯೇ ಕೇಳಿಸಿಕೊಂಡರು. ಆ ಗಣಿಪ್ರದೇಶದಲ್ಲಿ ಎಲ್ಲರೂ ಏನನ್ನಾದರೂ ಪಣಕ್ಕಿಟ್ಟವರೇ. ಆದರೆ ಪಣ ಕಟ್ಟಿದವನು ಯಾವ ದೇಶದವನು, ಯಾವ ಜಾತಿಯವನು ಎಂಬುದರ ಮೇಲೆ ಒಬ್ಬನಿಗೆ ದೂರದೃಷ್ಟಿಯ ಹೆಗ್ಗಳಿಕೆ ಸಿಕ್ಕಿತು, ಇನ್ನೊಬ್ಬನಿಗೆ ಕಾವಲುಗಾರನ ತಪಾಸಣೆ. ಆ ವ್ಯತ್ಯಾಸ ಗಣಿಯ ಆಡಳಿತದ ಅಂಚಿನಲ್ಲಿದ್ದ ಪೂರ್ವಗ್ರಹವಾಗಿರಲಿಲ್ಲ, ಅದರ ಒಂದು ಸಾಧನವಾಗಿತ್ತು.

ಮೊದಲ ಪಣ ಕಟ್ಟಿದ್ದು ಲಂಡನ್ನಿನಲ್ಲಿ. ನ್ಯೂಜಿಲೆಂಡಿನ ಯುದ್ಧದಿಂದ ಮರಳಿದ ಐರಿಷ್ ಸೈನಿಕ ಮೈಕೆಲ್ ಲವೆಲ್ 1870ರ ದಶಕದಲ್ಲಿ ಮೈಸೂರು ಸರ್ಕಾರದಿಂದ ಚಿನ್ನ ಹುಡುಕುವ ಹಕ್ಕು ಪಡೆದ. ಆ ಹಕ್ಕು ಕೈಯಿಂದ ಕೈಗೆ ದಾಟಿ ಕಂಪನಿಗಳಾಯಿತು. ಅದೇ ಹೊತ್ತಿಗೆ, 1880ರ ಸುಮಾರಿನಲ್ಲಿ, ವಯನಾಡಿನ ಚಿನ್ನದ ಹೆಸರಿನಲ್ಲಿ ಲಂಡನ್ನಿನ ಷೇರು ಪೇಟೆಗೆ ಹುಚ್ಚು ಹಿಡಿದಿತ್ತು. ಮೂವತ್ತಕ್ಕೂ ಹೆಚ್ಚು ಕಂಪನಿಗಳು ಹುಟ್ಟಿದವು. ನೆಲದಲ್ಲಿ ಎಷ್ಟು ಚಿನ್ನವಿದೆ ಎಂದು ಸರಿಯಾಗಿ ಅಳೆಯುವ ಮೊದಲೇ ಜನ ದುಡ್ಡು ಸುರಿದರು. ಎರಡು ಮೂರು ವರ್ಷಗಳಲ್ಲಿ ಬಹುತೇಕ ಎಲ್ಲವೂ ನೆಲ ಕಚ್ಚಿದವು. ಕೋಲಾರದ ಮೈಸೂರು ಕಂಪನಿಯೂ 1880ರ ದಶಕದ ನಡುವೆ ಅದೇ ಅಂಚಿಗೆ ಬಂದಿತ್ತು. ಕೈಯಲ್ಲಿ ಉಳಿದದ್ದು ಸುಮಾರು 13,000 ಪೌಂಡ್. ಇದ್ದದ್ದನ್ನು ಹಂಚಿಕೊಂಡು ಬಾಗಿಲು ಹಾಕೋಣ ಎಂದು ಷೇರುದಾರರಲ್ಲಿ ಹಲವರು ಹೇಳಿದರು. ಗಣಿ ನಡೆಸುತ್ತಿದ್ದ ಜಾನ್ ಟೇಲರ್ ಕುಟುಂಬದವರು ಅವರನ್ನು ಒಪ್ಪಿಸಿ ಉಳಿದ ಹಣವನ್ನೂ ನೆಲದೊಳಗೆ ಹಾಕಿಸಿದರು. ಕ್ಯಾಪ್ಟನ್ ಪ್ಲಮ್ಮರ್ ಹಳೆಯ ಗುಂಡಿಗಳ ಕೆಳಗೆ ಇನ್ನಷ್ಟು ಅಗೆಸಿದಾಗ ಚಾಂಪಿಯನ್ ಲೋಡ್ ಎಂಬ ಚಿನ್ನದ ಸಿರೆ ಸಿಕ್ಕಿತು. ಕೈಯಲ್ಲಿದ್ದ ಕೊನೆಯ ಕಾಸನ್ನೂ ಒಂದೇ ಎಲೆಯ ಮೇಲೆ ಇಟ್ಟರೆ ಇಸ್ಪೀಟು ಮೇಜಿನಲ್ಲಿ ಏನಾಗುತ್ತದೋ ಇಲ್ಲಿಯೂ ಅದೇ ಆಯಿತು. ಎಲೆ ಬಿದ್ದಿತು, ಅಷ್ಟೇ. ಆದರೂ ಗಣಿಯ ಇತಿಹಾಸ ಬರೆದವರಲ್ಲಿ ಹಲವರು ಇದನ್ನು ಧೈರ್ಯದ, ವಿವೇಕದ ಕಥೆಯಾಗಿಯೇ ಹೇಳಿದ್ದಾರೆ.

ಪ್ಲಮ್ಮರ್‌ನಂಥ ಮೇಲ್ವಿಚಾರಕರಲ್ಲಿ ಅನೇಕರು ಇಂಗ್ಲೆಂಡಿನ ಕಾರ್ನ್‌ವಾಲಿನಿಂದ ಬಂದವರು. ಅವರ ತವರಿನ ತವರ ಮತ್ತು ತಾಮ್ರದ ಗಣಿಗಳಲ್ಲಿ ವಿಚಿತ್ರವೆನಿಸುವ ಒಂದು ಪದ್ಧತಿಯಿತ್ತು. ನಿಗದಿಯಾದ ದಿನ ಗಣಿಯ ಒಂದೊಂದು ತುಂಡನ್ನು ಬಹಿರಂಗವಾಗಿ ಹರಾಜಿಗಿಡುತ್ತಿದ್ದರು. ಅಲ್ಲಿ ಸಿಗುವ ಅದಿರಿನ ಬೆಲೆಯಲ್ಲಿ ಪೌಂಡಿಗೆ ಇಷ್ಟು ಪಾಲು ಸಾಕು ಎಂದು ಗಣಿಗಾರರ ಗುಂಪುಗಳು ಕೂಗುತ್ತಿದ್ದವು. ಅತಿ ಕಡಿಮೆ ಕೂಗಿದವರಿಗೆ ಆ ಜಾಗ. ಅದಿರು ಚೆನ್ನಾಗಿ ಬಂದರೆ ಕೈತುಂಬ ಹಣ, ಬರದಿದ್ದರೆ ಎರಡು ತಿಂಗಳ ದುಡಿಮೆಗೆ ಸಾಲ. ಕಲ್ಲಿನ ಬಣ್ಣ, ಸಿರೆಯ ವಾಲಿಕೆ, ನೀರು ಒಸರುವ ಬಗೆ ನೋಡಿ ಲೆಕ್ಕ ಹಾಕುತ್ತಿದ್ದ ಈ ಜನ ವೃತ್ತಿಪರವಾಗಿ ಪಣ ಕಟ್ಟುವವರೇ. ಅಲ್ಲಿನ ಸಮಾಜ ಅವರನ್ನು ಗೌರವಿಸಿತು, ಇವರ ಕಣ್ಣು ನೆಲದೊಳಗೆ ನೋಡುತ್ತದೆ ಎಂದು ಮೆಚ್ಚಿಕೊಂಡಿತು. ಆ ಗೌರವವನ್ನು ಅವರು ಮಾರಿಕುಪ್ಪಂ, ಊರಿಗಾಂಗೆ ಹೊತ್ತು ತಂದರು, ಅಲ್ಲಿ ಬಂಗಲೆಗಳಲ್ಲಿ ನೆಲೆಸಿದರು. ಅವರ ಕೌಶಲ ನಿಜವಾದದ್ದೇ. ಆದರೆ ಅದೇ ಬಂಡೆಯ ಎದುರು ಅದೇ ಕೌಶಲ ತೋರಿದ ಇನ್ನೊಬ್ಬರ ಲೆಕ್ಕದಲ್ಲಿ ಅದು ಕೌಶಲವಾಗಿ ಎಲ್ಲೂ ದಾಖಲಾಗಲಿಲ್ಲ.

ಆ ಇನ್ನೊಬ್ಬರು ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಕಡೆಗಳಿಂದ ಬಂದ ತಮಿಳು, ತೆಲುಗು ಮಾತಿನ ಕೂಲಿಕಾರರು. ನೆಲದಡಿಯ ಕೆಲಸದಲ್ಲಿದ್ದವರಲ್ಲಿ ಬಹುಪಾಲು ಆದಿದ್ರಾವಿಡರು. ಮದರಾಸು–ಬೆಂಗಳೂರು ಹಾದಿಯಲ್ಲಿ, ಆಗ ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ಬಂಗಾರಪೇಟೆಯಲ್ಲಿ ಇಳಿದು ಅಲ್ಲಿಂದ ಗಣಿಗೆ ಹೋಗುತ್ತಿದ್ದರು. 1894ರಲ್ಲಿ ಗಣಿಗೆ ರೈಲಿನ ಕವಲು ಬಂದ ಮೇಲೆ ಜನ ಒಳಗೆ ಹೋದದ್ದೂ ಆ ಹಳಿಯ ಮೇಲೆ, ಚಿನ್ನ ಹೊರಗೆ ಹೋದದ್ದೂ ಆ ಹಳಿಯ ಮೇಲೆ. ಮೇಸ್ತ್ರಿ ಹೇಳಿದ ಕೂಲಿಗೆ, ತಟ್ಟಿ ಗುಡಿಸಲುಗಳ ಲೈನುಗಳಲ್ಲಿ ಬದುಕು. ಕೆಳಗೆ ಅವರು ಕಟ್ಟಿದ ಪಣ ಮೈಯದು. ಸಿಡಿಮದ್ದು ಹಾರಿದ ಮೇಲೆ ಮೊದಲು ಒಳಗೆ ಹೋದವನು ಉದ್ದದ ಕಬ್ಬಿಣದ ಸಲಾಕೆಯಿಂದ ಮೇಲ್ಬಂಡೆಯನ್ನು ತಟ್ಟಿ ಕಿವಿಗೊಡುತ್ತಾನೆ. ಸದ್ದು ಗಟ್ಟಿಯಾಗಿ ಕಣಕಣಿಸಿದರೆ ಬಂಡೆ ಕೂತಿದೆ, ಪೊಳ್ಳಾಗಿ ಕೇಳಿಸಿದರೆ ಬಿರುಕು ಬಿಟ್ಟಿದೆ, ಅದನ್ನು ಮೊದಲು ಕೆಡವಬೇಕು. ಕೇಳುವುದರಲ್ಲಿ ತಪ್ಪಿದರೆ ಅವನಿಲ್ಲ. ಗಣಿ ಆಳಕ್ಕೆ ಹೋದಷ್ಟೂ, ಕೊನೆಗೆ ಚಾಂಪಿಯನ್ ರೀಫ್‌ನಲ್ಲಿ ಮೂರು ಸಾವಿರ ಮೀಟರು ದಾಟಿದ ಮೇಲೆ, ಬಂಡೆಯ ಒತ್ತಡವೇ ಬಂಡೆಯನ್ನು ಸಿಡಿಸುತ್ತಿತ್ತು. ಏರ್ ಬ್ಲಾಸ್ಟ್ ಎಂದು ಜನ ಕರೆದ ಆ ಸಿಡಿತಕ್ಕೆ ಮುನ್ಸೂಚನೆ ಅಪರೂಪ. ಉಸಿರಿನೊಳಗೆ ಸೇರುತ್ತಿದ್ದ ಕಲ್ಲಿನ ಧೂಳು ನಿಧಾನದ ಪಣ. 1940ರ ದಶಕದಲ್ಲಿ ಸಾವಿರಾರು ಗಣಿ ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಗೆ ಸಿಲಿಕೋಸಿಸ್ ಇತ್ತು. ಲಂಡನ್ನಿನ ಯಾವ ಷೇರುದಾರನೂ ಇಷ್ಟು ಕೆಟ್ಟ ಲೆಕ್ಕದ ಮೇಲೆ ಕಾಸು ಹಾಕುತ್ತಿರಲಿಲ್ಲ.

ಇಂಥ ಕೆಲಸಗಾರನನ್ನು ಕಂಪನಿ ಸಂಭಾವ್ಯ ಕಳ್ಳನಾಗಿ ನೋಡಿತು. ಗಣಿಯ ಸುತ್ತ ಬೇಲಿ, ಬಾಗಿಲುಗಳಲ್ಲಿ ವಾಚ್ ಅಂಡ್ ವಾರ್ಡ್ ಕಾವಲು, ಬಟ್ಟೆ ಬುತ್ತಿಗಳ ತಪಾಸಣೆ. ಮೈಸೂರು ಸರ್ಕಾರದ ಗಣಿ ಕಾನೂನು ಇದಕ್ಕೆ ಬೆನ್ನು ಕೊಟ್ಟಿತು. ಚಿನ್ನದ ಅಂಶವಿರುವ ವಸ್ತು ಕೈಯಲ್ಲಿ ಸಿಕ್ಕರೆ ಅದು ನ್ಯಾಯವಾಗಿ ಬಂತೆಂದು ತೋರಿಸುವ ಹೊಣೆ ಸಿಕ್ಕಿಬಿದ್ದವನದು. ಸಾಮಾನ್ಯ ನ್ಯಾಯದಲ್ಲಿ ಅಪರಾಧವನ್ನು ಸಾಬೀತು ಮಾಡಬೇಕಾದವನು ದೂರುದಾರ, ಇಲ್ಲಿ ಅದು ತಲೆಕೆಳಗಾಯಿತು. ದಕ್ಷಿಣ ಆಫ್ರಿಕಾದ ಕಿಂಬರ್ಲಿಯ ವಜ್ರದ ಗಣಿಗಳಲ್ಲಿ ಇದಕ್ಕೂ ಮೊದಲೇ ಇಂಥದ್ದೇ ನಡೆದಿತ್ತು. ಅಲ್ಲಿನ ಕಥೆ ಒಂದು ವಿಷಯವನ್ನು ಬೆಳಕಿಗೆ ತರುತ್ತದೆ. ಬಟ್ಟೆ ಬಿಚ್ಚಿಸಿ ನೋಡುವ ತಪಾಸಣೆಯನ್ನು ಬಿಳಿಯ ಕೆಲಸಗಾರರಿಗೂ ಹಚ್ಚಲು ಹೋದಾಗ 1883–84ರಲ್ಲಿ ಅವರು ಮುಷ್ಕರ ಹೂಡಿದರು, ಗುಂಡೇಟಿನಲ್ಲಿ ಕೆಲವರು ಸತ್ತರು. ಆ ಮೇಲೆ ಬಿಳಿಯರ ಮೇಲಿನ ತಪಾಸಣೆ ಸಡಿಲಾಯಿತು, ಕರಿಯರ ಮೇಲಿನದು ಬಿಗಿಯಾಯಿತು. ಬಿಳಿಯರು ವಜ್ರ ಕದಿಯುವುದಿಲ್ಲ ಎಂದು ಯಾರಿಗೂ ಹೊಸದಾಗಿ ತಿಳಿದುಬಂದಿರಲಿಲ್ಲ. ಪ್ರತಿಭಟಿಸಿದಾಗ ಯಾರ ಮಾತಿಗೆ ಬೆಲೆಯಿದೆ ಎಂಬುದಷ್ಟೇ ತೀರ್ಮಾನವಾಗಿತ್ತು.

ಈ ವಾದಕ್ಕೆ ಬರುವ ಮೊದಲ ಆಕ್ಷೇಪ ಬಲವಾದದ್ದು. ಕೋಲಾರದಲ್ಲಿ ಚಿನ್ನ ಕಳವಾಗುತ್ತಿದ್ದದ್ದು ನಿಜವಲ್ಲವೇ, ಕಂಪನಿ ತನ್ನ ಸೊತ್ತನ್ನು ಕಾಯಬಾರದೇ? ಕಳವು ನಡೆದದ್ದು ನಿಜ, ಕಾಯುವ ಹಕ್ಕೂ ಇತ್ತು. ಆದರೆ ಕಳವಿನ ಹಾದಿಯನ್ನು ನೋಡಬೇಕು. ಒಂದು ಟನ್ ಅದಿರಿನಲ್ಲಿ ಸಿಗುವುದು ಕೆಲವೇ ಗ್ರಾಂ ಚಿನ್ನ, ಹೆಚ್ಚೆಂದರೆ ಕೆಲವು ತೊಲ. ಸೊಂಟದಲ್ಲಿ ಸಿಕ್ಕಿಸಿಕೊಂಡು ಹೋದ ಸಾಮಾನ್ಯ ಕಲ್ಲು ಸಂಸಾರ ಸಾಗಿಸುವುದಿಲ್ಲ. ಬೆಲೆಬಾಳುವ ಸರಕು ಇದ್ದದ್ದು ಅರೆಯುವ ಗಿರಣಿಗಳಲ್ಲಿ, ಪಾದರಸ ಬಳಿದ ತಾಮ್ರದ ತಗಡುಗಳ ಮೇಲೆ ಚಿನ್ನ ಕೂತ ಕಡೆ. ಅಲ್ಲಿಂದ ಅದು ಆಚೆ ಹೋಗಬೇಕಾದರೆ ಕಣ್ಣು ಮುಚ್ಚುವ ಕಾವಲುಗಾರ ಬೇಕು, ಕರಗಿಸುವ ಕುಲುಮೆ ಬೇಕು, ಕೊಳ್ಳುವ ವ್ಯಾಪಾರಿ ಬೇಕು. ಇವರಾರೂ ಲೈನಿನ ಕೂಲಿಗಳಲ್ಲ. ಆದರೂ ದಿನದಿನವೂ ಮೈ ತಡವಿಸಿಕೊಂಡು ಹೋದವನು ಕೂಲಿ. ಹುಡುಕಿದ ಕಡೆಯೇ ಸಿಗುತ್ತದೆ, ಸಿಕ್ಕ ಕಡೆಯ ಲೆಕ್ಕ ಕಡತಕ್ಕೆ ಸೇರುತ್ತದೆ, ಆ ಕಡತ ನೋಡಿ ಇವರೇ ಕಳ್ಳರು ಎಂದು ಮತ್ತೆ ಇಲ್ಲಿಯೇ ಹುಡುಕುತ್ತಾರೆ. ಅಂಕಿಅಂಶ ಇದೆ ಎಂದು ಹೇಳುವವರು ಆ ಅಂಕಿ ಎಲ್ಲಿಂದ ಎದ್ದು ಬಂತೆಂದು ಕೇಳಬೇಕು.

ಎರಡನೆಯ ಆಕ್ಷೇಪ ಸ್ವಭಾವದ್ದು. ಕೂಲಿಕಾರರು ಬಟವಾಡೆಯ ದಿನ ಕುಡಿಯುತ್ತಾರೆ, ಇಸ್ಪೀಟು ಆಡುತ್ತಾರೆ, ನಾಳೆಯ ಚಿಂತೆ ಅವರಿಗಿಲ್ಲ ಎಂಬ ಮಾತು. ನಾಳೆ ಮೇಲೆ ಬರುತ್ತೇನೋ ಇಲ್ಲವೋ ಎಂಬ ಕೆಲಸದಲ್ಲಿರುವವನು ಒಂದು ರಾತ್ರಿ ಪಣ ಕಟ್ಟಿದರೆ ಅದರಲ್ಲಿ ಅಚ್ಚರಿಯೇನಿದೆ? ಇಸ್ಪೀಟು ಎಲೆ ಬಿಳಿಯ ಅಧಿಕಾರಿಗಳ ಕ್ಲಬ್ಬಿನಲ್ಲಿಯೂ ಇತ್ತು, ಅಲ್ಲಿ ಅದು ಸಂಜೆಯ ಹೊತ್ತು ಕಳೆಯುವ ಸಭ್ಯ ಆಟ. ಅದಕ್ಕಿಂತ ಮುಖ್ಯವಾಗಿ, ಅದೇ ಲೈನುಗಳಲ್ಲಿ ಇನ್ನೊಂದು ಬದುಕೂ ಇತ್ತು. ತಮಿಳು ಚಿಂತಕ ಅಯೋತಿ ದಾಸರ ಬೌದ್ಧ ಸಂಘದ ಶಾಖೆಗಳು ಮಾರಿಕುಪ್ಪಂ, ಚಾಂಪಿಯನ್ ರೀಫ್ಸ್‌ಗಳಲ್ಲಿ ಬೇರೂರಿದವು. ಹೆಂಡ ಬಿಡಿ, ಮಕ್ಕಳನ್ನು ಓದಿಸಿ, ಜಾತಿಯ ಹಣೆಪಟ್ಟಿಯನ್ನು ಒಪ್ಪಬೇಡಿ ಎಂಬುದು ಅವುಗಳ ಬೋಧನೆ. ಅಯೋತಿ ದಾಸರ ‘ತಮಿಳನ್’ ಪತ್ರಿಕೆ ನಿಂತುಹೋಗಿದ್ದಾಗ 1926ರಲ್ಲಿ ಅದಕ್ಕೆ ಮತ್ತೆ ಜೀವ ಕೊಟ್ಟದ್ದು ಮದರಾಸಲ್ಲ, ಈ ಗಣಿಯೂರು. ಜಿ. ಅಪ್ಪಾದುರೈ ಅದನ್ನು ಇಲ್ಲಿಂದ ಹೊರತಂದರು. ಸಂಬಳದಲ್ಲಿ ಉಳಿಸಿ ಪತ್ರಿಕೆಗೆ ಚಂದಾ ಕೊಟ್ಟು, ಓದು ಬಾರದವರಿಗೆ ಓದಿ ಹೇಳಿದ ಜನರನ್ನು ನಾಳೆಯ ಚಿಂತೆ ಇಲ್ಲದವರು ಎನ್ನುವುದು ಹೇಗೆ? ಬೆರಳಚ್ಚಿನ ವಿರುದ್ಧ ಎದ್ದವರು ಈ ವಾತಾವರಣದಲ್ಲಿ ಬೆಳೆದ ಜನ ಎಂಬುದನ್ನು ಮರೆಯಬಾರದು.

ಈ ಕುರುಡುತನ ಗಣಿಗೆ ಮಾತ್ರ ಸೇರಿದ್ದಲ್ಲ. ಜೂಜಾಟವೇ ಉದ್ಯಮವಾಗಿರುವ ಕ್ಯಾಸಿನೊಗಳಲ್ಲಿ ಅದು ಇನ್ನೂ ಬೆತ್ತಲಾಗಿ ಕಾಣುತ್ತದೆ. 2012ರಲ್ಲಿ ಲಂಡನ್ನಿನ ಕ್ರಾಕ್‌ಫರ್ಡ್ಸ್ ಎಂಬ ಕ್ಯಾಸಿನೊದಲ್ಲಿ ಅಮೆರಿಕದ ವೃತ್ತಿಪರ ಆಟಗಾರ ಫಿಲ್ ಐವಿ, ಚೆಂಗ್ ಯಿನ್ ಸುನ್ ಎಂಬಾಕೆಯೊಂದಿಗೆ ಪುಂಟೊ ಬ್ಯಾಂಕೊ ಎಂಬ ಇಸ್ಪೀಟಾಟ ಆಡಿ ಸುಮಾರು 77 ಲಕ್ಷ ಪೌಂಡ್ ಗೆದ್ದ. ಎಲೆಗಳ ಬೆನ್ನಿನ ವಿನ್ಯಾಸದಲ್ಲಿ, ಅಂಚಿನಲ್ಲಿ, ಕೂದಲೆಳೆಯಷ್ಟು ವ್ಯತ್ಯಾಸವಿತ್ತು. ಅದನ್ನು ಗುರುತಿಸಬಲ್ಲ ಅಸಾಧಾರಣ ಕಣ್ಣು ಸುನ್‌ಳದು. ಒಳ್ಳೆಯ ಎಲೆಗಳನ್ನು ತಿರುಗಿಸಿ ಇಡುವಂತೆ ಆಕೆ ಎಲೆ ಹಂಚುವವಳನ್ನು ಕೇಳಿಕೊಂಡಳು, ಅದೃಷ್ಟಕ್ಕಾಗಿ ಎಂಬ ನೆಪದಲ್ಲಿ. ಎಲೆ ಹಂಚುವವಳು ಹಾಗೆಯೇ ಮಾಡಿದಳು. ಆ ಕೋರಿಕೆ ಜೂಜುಕೋರರ ಮೂಢನಂಬಿಕೆ ಎಂದು ಕ್ಯಾಸಿನೊ ಭಾವಿಸಿತ್ತು. ಚೀನೀ ಹೆಂಗಸೆಂದರೆ ಶಕುನ ನಂಬುವವಳು ಎಂಬ ಸಿದ್ಧ ಚಿತ್ರ ಕಣ್ಣೆದುರು ನಡೆಯುತ್ತಿದ್ದ ಲೆಕ್ಕಾಚಾರವನ್ನು ಮರೆಮಾಡಲು ನೆರವಾಯಿತೆಂದು ನನಗನಿಸುತ್ತದೆ. ಕ್ಯಾಸಿನೊ ಹಣ ಕೊಡಲಿಲ್ಲ. 2017ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟು ಇದು ಮೋಸವೆಂದು ತೀರ್ಪಿತ್ತಿತು. ತೀರ್ಪು ಸರಿಯೋ ತಪ್ಪೋ ಬೇರೆ ಮಾತು. ಮುಖ ನೋಡಿ ಆಟಗಾರನನ್ನು ಅಳೆಯುವ ಕಾವಲು ಕೌಶಲವನ್ನು ಮೊದಲು ಕಾಣುವುದಿಲ್ಲ, ಕಂಡಾಗ ಅದನ್ನು ಅಪರಾಧವಾಗಿ ಮಾತ್ರ ಕಾಣುತ್ತದೆ. ಕೋಲಾರದ ಬಾಗಿಲುಗಳಲ್ಲಿ ನಿಂತಿದ್ದ ಕಾವಲಿಗೂ ಸಲಾಕೆ ಹಿಡಿದವನ ಕಿವಿ ಗೊತ್ತಿರಲಿಲ್ಲ, ಅವನ ಸೊಂಟದ ಮಡಿಕೆ ಮಾತ್ರ ಗೊತ್ತಿತ್ತು.

ನಮ್ಮ ಕಾನೂನೂ ಈ ಭೇದವನ್ನು ಪೂರ್ತಿ ಬಿಟ್ಟಿಲ್ಲ. 1967ರಲ್ಲಿ ಸಿಕಂದರಾಬಾದಿನ ಒಂದು ಕ್ಲಬ್ಬಿನ ಪ್ರಕರಣದಲ್ಲಿ ರಮ್ಮಿ ಮುಖ್ಯವಾಗಿ ಕೌಶಲದ ಆಟವೆಂದು ಸುಪ್ರೀಂ ಕೋರ್ಟು ಹೇಳಿತು. 1963ರ ಕರ್ನಾಟಕ ಪೊಲೀಸ್ ಕಾಯ್ದೆ ಕೌಶಲದ ಆಟಗಳಿಗೆ ವಿನಾಯಿತಿ ಕೊಡುತ್ತದೆ, ಪರವಾನಗಿ ಪಡೆದ ಮೈದಾನದಲ್ಲಿ ಕುದುರೆಯ ಮೇಲೆ ಬಾಜಿ ಕಟ್ಟಲೂ ಬಿಡುತ್ತದೆ. ಹುಣಸೆ ಮರದಡಿ ಅಂದರ್‌–ಬಾಹರ್ ಆಡುವವರ ಮೇಲೆ ಅದೇ ಕಾಯ್ದೆಯಲ್ಲಿ ದಾಳಿ ನಡೆಯುತ್ತದೆ, ಮರುದಿನದ ಪತ್ರಿಕೆಯಲ್ಲಿ ಅವರ ಹೆಸರು ಬರುತ್ತದೆ. ಅಂದರ್‌–ಬಾಹರ್ ಬರೀ ಅದೃಷ್ಟದ ಆಟ, ಹಾಗಾಗಿ ವ್ಯತ್ಯಾಸ ಆಟದ್ದೇ ಹೊರತು ಆಡುವವರದಲ್ಲ ಎನ್ನಬಹುದು. ಅದರಲ್ಲಿ ಹುರುಳಿದೆ. ಆದರೆ ಯಾವ ಆಟಕ್ಕೆ ಮೈದಾನ, ಪರವಾನಗಿ, ವಕೀಲ ಸಿಕ್ಕವು, ಯಾವುದಕ್ಕೆ ಸಿಗಲಿಲ್ಲ ಎಂಬುದನ್ನು ತೀರ್ಮಾನಿಸಿದ್ದು ಆಟದ ಗುಣವೊಂದೇ ಅಲ್ಲ.

2001ರ ಫೆಬ್ರುವರಿ 28ರಂದು ಸರ್ಕಾರಿ ಕಂಪನಿ ಭಾರತ್ ಗೋಲ್ಡ್ ಮೈನ್ಸ್ ಕೋಲಾರದ ಗಣಿಗಳನ್ನು ಮುಚ್ಚಿತು. ಅಂದಿನಿಂದ ಮಾರಿಕುಪ್ಪಂನಲ್ಲಿ ರೈಲು ಹತ್ತಿ ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ದುಡಿಯಲು ಹೋಗುವ ಜನ ಈ ಊರನ್ನು ನಡೆಸುತ್ತಿದ್ದಾರೆ. ಕೆ.ಜಿ.ಎಫ್‌. ಎಂದೊಡನೆ ರೌಡಿಗಳ ಊರು ಎಂಬ ಮಾತು ಅವರ ಬೆನ್ನಿಗಿದೆ, ಅದೇ ಹೆಸರಿನ 2018ರ ಸಿನಿಮಾದ ನಂತರ ಅದಕ್ಕೆ ಇನ್ನಷ್ಟು ಬಣ್ಣ ಬಂದಿದೆ. ಕಂಪನಿಗಳ ಲಾಭಾಂಶದ ಲೆಕ್ಕ, ಕಳವಿನ ಮೊಕದ್ದಮೆಗಳ ಕಡತ ಪತ್ರಾಗಾರಗಳಲ್ಲಿ ಸಿಗುತ್ತವೆ. ಬಂಡೆಯ ಸದ್ದು ಕೇಳಿ ಜೀವ ಉಳಿಸಿದವರ ಅರಿವು ಯಾವ ಕಡತದಲ್ಲೂ ಇಲ್ಲ. ಆಳದಲ್ಲಿ ಕೆಲಸ ಮಾಡಿದ ಕೊನೆಯ ತಲೆಮಾರಿನವರು ಇಂದು ಮುಪ್ಪಿನಲ್ಲಿದ್ದಾರೆ, ಹಲವರು ಧೂಳು ತುಂಬಿದ ಶ್ವಾಸಕೋಶದೊಂದಿಗೆ. ತಮಿಳಿನಲ್ಲಿ, ತೆಲುಗಿನಲ್ಲಿ, ಕೋಲಾರದ ಕನ್ನಡದಲ್ಲಿ ಅವರು ಹೇಳುವುದನ್ನು ಬರೆದುಕೊಳ್ಳುವ ಕೆಲಸಕ್ಕೆ ನಮ್ಮ ವಿಶ್ವವಿದ್ಯಾಲಯಗಳು ಪೂರ್ಣಪ್ರಮಾಣದಲ್ಲಿ ಇಳಿಯಬೇಕಾದದ್ದು ಈಗ, ಅವರು ಇರುವಾಗ.